ಹಾಲಿನ ಪ್ಯಾಕೆಟ್ಟಿನ ಮೂಲೆ

ನಿನ್ನನ್ನು ನಾನು ನೋಡಿಲ್ಲ, ಸಮುದ್ರವೇ.
ಈಜಿಪುರದ ರಾಜಕಾಲುವೆಗೆ ಅಡ್ಡ ಕಟ್ಟಿದ
ಕಬ್ಬಿಣದ ಬಲೆಯ ಬಳಿ ನನ್ನ ಕೆಲಸ.
ಉದ್ದನೆಯ ಕೊಕ್ಕೆ, ಮೊಣಕಾಲುದ್ದ ಬೂಟು,
ಮೂಗಿಗೆ ಪಿಳ್ಳಮ್ಮ ಕೊಟ್ಟ ಹಳೆ ಸೀರೆಯ ತುಂಡು.

ಮೊದಲ ದಿನ ಇಂಜಿನಿಯರು
ಗೋಡೆಯ ಮೇಲೆ ಇದ್ದಿಲಲ್ಲಿ ಗೀಚಿ ತೋರಿಸಿದರು:
ಇಲ್ಲಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು,
ಆಮೇಲೆ ಪಿನಾಕಿನಿ, ಹೊಸೂರು ದಾಟಿ
ಎಲ್ಲೆಲ್ಲೋ ಸುತ್ತಿ ಕೊನೆಗೆ ಕಡಲೂರು.
ಅಲ್ಲಿಗೆ ಗೆರೆ ನಿಂತಿತು. ಇದ್ದಿಲು ಮುಗಿದಿತ್ತು.
ಮುಂದೆ ಇದ್ದದ್ದು ಬರೀ ಗೋಡೆ.
ಅದೇ ನೀನು ಅಂದುಕೊಂಡೆ.

ಮಳೆ ಹುಯ್ದ ಮಾರನೇ ದಿನ
ಊರೆಲ್ಲ ನನ್ನ ಬಲೆಗೇ ಬರುತ್ತದೆ:
ಥರ್ಮಕೋಲು, ಛತ್ರದ ಲೋಟಗಳು,
ಒಂಟಿ ಹವಾಯಿ ಚಪ್ಪಲಿ, ಗುಟ್ಕಾ ಚೀಟಿಯ ಸರ,
ಮುಚ್ಚಳ ಬಿಗಿದ ಬಾಟಲಿಯಲ್ಲಿ
ಯಾರೋ ಕುಡಿದು ಬಿಟ್ಟ ಅರ್ಧ ನೀರು,
ಕೊಳಚೆಯ ಮೇಲೆ ತೇಲುವ ಶುದ್ಧ ನೀರು.
ಎಳೆದು ದಡಕ್ಕೆ ಹಾಕುತ್ತೇನೆ, ಪಿಳ್ಳಮ್ಮ ಬೇರ್ಪಡಿಸುತ್ತಾಳೆ.
ಗುಜರಿಯ ದಸ್ತಗೀರ್ ಬಾಟಲಿ ಮಾತ್ರ ಒಯ್ಯುತ್ತಾನೆ,
"ಮಿಕ್ಕಿದ್ದಕ್ಕೆ ರೇಟಿಲ್ಲ ಗುರುವೇ."

ಮೊನ್ನೆ ಒಂದು ಹಾಲಿನ ಪ್ಯಾಕೆಟ್ಟು ಸಿಕ್ಕಿತು.
ನಮ್ಮದೇ.
ಹೇಗೆ ಗೊತ್ತೆಂದರೆ, ನನ್ನ ಮಗಳು ಲಿಖಿತ
ಕತ್ತರಿ ಹುಡುಕುವ ತಾಳ್ಮೆಯಿಲ್ಲದೆ
ಹಲ್ಲಲ್ಲೇ ಕಚ್ಚಿ ಹರಿಯುತ್ತಾಳೆ.
ಮುಂದಿನ ಹಲ್ಲೊಂದು ಬಿದ್ದಿದೆ,
ಹರಿದ ಅಂಚಿನಲ್ಲಿ ಚಿಕ್ಕ ನಾಲಿಗೆ ಉಳಿಯುತ್ತದೆ.
ಪ್ಯಾಕೆಟ್ಟು ಸಿಕ್ಕಿತು, ಮೂಲೆ ಸಿಗಲಿಲ್ಲ.
ಬಲೆಯ ಕಣ್ಣು ಮೂರು ಬೆರಳಗಲ,
ಮೂಲೆ ಹೆಬ್ಬೆರಳ ಉಗುರಿನಷ್ಟು.

ದಿನಕ್ಕೊಂದು ಅಂದರೆ ವರ್ಷಕ್ಕೆಷ್ಟು ಎಂದು
ಪಿಳ್ಳಮ್ಮ ಬೆರಳು ಮಡಚತೊಡಗಿದಳು.
ಬಿಡು ಮಾರಾಯ್ತಿ ಅಂದೆ.
ನಿನಗೆ ಮೂಲೆಗಳೇ ಇಲ್ಲವಂತೆ,
ಲಿಖಿತ ಬಿಡಿಸಿದ ನಿನ್ನ ಚಿತ್ರದಲ್ಲೂ ಇರಲಿಲ್ಲ,
ನೀಲಿ ಹಾಳೆಯಾಚೆಗೂ ಚಾಪೆಗೆ ಹರಿದಿತ್ತು.
ಈಗ ಇವೆ. ನಮ್ಮ ಮನೆಯವು.

ಅವಳಿಗೆ ಹೇಳಿಕೊಟ್ಟಿದ್ದೇನೆ:
ಪೂರ್ತಿ ಕಚ್ಚಬೇಡ ಕಂದಾ, ಒಂದೆಳೆ ಬಿಡು,
ಮೂಲೆ ಅದರ ತಾಯಿಗೆ ಅಂಟಿಕೊಂಡಿರಲಿ.
ಕೆಲವು ದಿನ ನೆನಪಿರುತ್ತದೆ.
ಮರೆತ ದಿನ ನಾನು
ಸಿಂಕಿನ ಜಾಲರಿಯಲ್ಲಿ, ಗ್ಯಾಸಿನ ಪೈಪಿನ ಹಿಂದೆ
ಟಾರ್ಚು ಹಿಡಿದು ಮೊಣಕಾಲೂರಿ ಹುಡುಕುತ್ತೇನೆ,
ಇದಕ್ಕೆ ಸಂಬಳವಿಲ್ಲ.
ತಲೆಯ ಮೇಲೆ ಹಾಲು ಉಕ್ಕುತ್ತದೆ,
ಹೆಂಡತಿ ಬೈಯುತ್ತಾಳೆ.