ಉತ್ತರದ ಕಿಟಕಿ

ದೋಣಿಗಟ್ಟೆಯ ಗೂಡಿನಲ್ಲಿ ಕೂತು ಟಿಕೆಟ್ ಹರಿಯುವವಳು ನಾನು,
ಪಿಕೋ ದ್ವೀಪದಿಂದ ಎದುರಿನ ಸಾವೊ ಜೋರ್ಜಿಗೆ.
ಹೋಗುವವರ ಹೆಸರು ಬರೆದುಕೊಳ್ಳುತ್ತೇನೆ.
ಬರುವವರನ್ನು ಯಾರೂ ಕೇಳುವುದಿಲ್ಲ.

ರಜೆಯ ಸೋಮವಾರಗಳಲ್ಲಿ ಚರ್ಚಿನ ಹಿಂಕೋಣೆ,
ಮದುವೆ ಪುಸ್ತಕ, ಹುಳು ತಿಂದ ತೊಗಲಿನ ರಟ್ಟು,
ಪಾದ್ರಿಯ ಕೈಬರಹ ಗಾಳಿಗೆ ಬಿದ್ದ ಜೋಳದ ಹಾಗೆ
ಒಂದೇ ಕಡೆಗೆ ಮಲಗಿದೆ.
ಯಾರ ಎಳೆ ಹಿಡಿದರೂ ಬಿಚ್ಚಿಕೊಳ್ಳುವುದು ನಮ್ಮನೆಯ ಸೆರಗೇ.
"ವಧೂವರರು ನಾಲ್ಕು ತಲೆ ಹಿಂದೆ ಒಂದೇ ರಕ್ತ,
ಬಿಷಪ್ಪರ ಅಪ್ಪಣೆಯಾಗಿದೆ",
ಪುಟಕ್ಕೊಂದಾದರೂ ಇಂಥ ಸಾಲು.
ಚಿಕ್ಕ ದ್ವೀಪ. ಇನ್ಯಾರನ್ನು ಕಟ್ಟಿಕೊಳ್ಳಬೇಕಿತ್ತು?

ಸಾವಿರದ ಎಂಟುನೂರ ಎಂಬತ್ತೇಳು, ಫೆಬ್ರವರಿ.
ಬೆಲ್ಶಿಯೋರ್ ಗೌಲಾರ್ಟ್, ತಿಮಿಂಗಿಲದ ದೋಣಿಗೆ ಹುಟ್ಟು ಹಾಕುವವ, ಇಪ್ಪತ್ತಮೂರು.
ಜೆನೋವೇವಾ, ಮನೆಗೆಲಸ, ಹತ್ತೊಂಬತ್ತು.
ಇಬ್ಬರಿಗೂ ಸಹಿ ಬಾರದೆಂದು ಪಾದ್ರಿಯೇ ಬರೆದಿದ್ದಾನೆ.
ಮುತ್ತಜ್ಜ, ಮುತ್ತಜ್ಜಿ. ಇಷ್ಟು ಸರಿ.

ಮುಂದಿನದು ಡೆಯೋಲಿಂಡಾ ಅತ್ತೆಯ ಬಾಯಲ್ಲಿ.
ತೊಂಬತ್ತೊಂದು ಅವಳಿಗೆ. ಅಂಜೂರ ಬಿಡಿಸುತ್ತಾ ಹೇಳುತ್ತಾಳೆ,
ಪ್ರತಿ ಸಲ ಅದೇ ಜಾಗದಲ್ಲಿ ನಿಟ್ಟುಸಿರು:
ಮೂರು ಮಕ್ಕಳಾದ ಮೇಲೆ ಅಜ್ಜ ಮುಳುಗಿದ.
ಹೆಣ ಸಿಗಲಿಲ್ಲ. ಅಜ್ಜಿ ಕಪ್ಪು ಉಟ್ಟಳು.
ನವೆಂಬರ್ ಬಂತೆಂದರೆ ಅವನ ಆತ್ಮಕ್ಕೆ
ಮೊಟ್ಟೆ ಮಾರಿದ ಕಾಸಿನಲ್ಲಿ ಬಲಿಪೂಜೆ, ಐವತ್ತು ವರ್ಷ.
ಅಡುಗೆಮನೆಯ ಉತ್ತರದ ಕಿಟಕಿಗೆ ಹಲಗೆ ಹೊಡೆಸಿದಳು.
ಗಾಳಿ, ಎನ್ನುತ್ತಿದ್ದಳು.
ಮತ್ತೆ ಅತ್ತೆ ಬೆರಳು ನೆಕ್ಕಿಕೊಂಡು:
ಈಸ್ಟರಿಗೆ ಆಚೆ ದ್ವೀಪದ ಚೀಸ್ ಬರುತ್ತಿತ್ತು, ಗಾಡಿಯ ಗಾಲಿಯಷ್ಟು.
ದೋಣಿಯ ಝೆಫೆರಿನೋ ಹೊಸ್ತಿಲ ಮೇಲಿಟ್ಟು ಹೋಗುತ್ತಿದ್ದ.
ನಾವು ಮುಗಿಬಿದ್ದು ತಿಂದೆವು. ಅಜ್ಜಿ ಮುಟ್ಟುತ್ತಿರಲಿಲ್ಲ.
ಹಲ್ಲುನೋವು ಎನ್ನುತ್ತಿದ್ದಳು,
ಹಲ್ಲೆಲ್ಲ ಉದುರಿದ ಮೇಲೂ.

ಕಳೆದ ತಿಂಗಳು, ಬೇರೆಯದೇ ಹೆಸರು ಹುಡುಕುತ್ತಾ
ಸಾವೊ ಜೋರ್ಜಿನ ಪುಸ್ತಕ ತೆರೆದೆ.
ತೊಂಬತ್ತಾರು, ಅಕ್ಟೋಬರ್.
ವರ, ಬೆಲ್ಶಿಯೋರ್ ಗೌಲಾರ್ಟ್, ಹುಟ್ಟಿದ್ದು ಪಿಕೋದಲ್ಲಿ.
ಅಪ್ಪ ಅವನೇ, ಅಮ್ಮ ಅವಳೇ.
ವಧು ಪೆರ್ಪೆತುವಾ, ಹಸು ಸಾಕುವವರ ಮಗಳು.
ಸಾಕ್ಷಿ, ಝೆಫೆರಿನೋ.
ಶಾಯಿ ಒಂದಿಷ್ಟೂ ನಡುಗದೆ ಬರೆದದ್ದು: ವಿಧುರ.
"ಹೆಂಡತಿ ಜೆನೋವೇವಾ ಜ್ವರದಲ್ಲಿ ತೀರಿಕೊಂಡಳೆಂದು
ಪ್ರಮಾಣ ಮಾಡಿದ್ದಾನೆ."
ಈ ಸಲ ಸಹಿಯಿದೆ. ಮೊದಲಕ್ಷರದ ಹೊಟ್ಟೆ ಒಡೆದಿದೆ,
ಆದರೂ ಸಹಿ. ಯಾರೋ ಕಲಿಸಿದ್ದಾರೆ.

ಅವಳು ಅವನನ್ನು ನೀರಿನಲ್ಲಿ ಕೊಂದಿದ್ದಳು,
ಅವನು ಅವಳನ್ನು ಜ್ವರದಲ್ಲಿ.
ನಡುವೆ ನಾನು ದಿನಾ ಮಾರುವಷ್ಟೇ ಕಡಲು,
ರಾತ್ರಿ ಈಚೆಯ ದೀಪ ಆಚೆಗೆ ಕಾಣುತ್ತದೆ.

ಹೇಳಬಾರದೆಂದೇ ಅತ್ತೆಯ ಮನೆಗೆ ಹೋದೆ.
ಹೇಳಿಬಿಟ್ಟೆ.
ಅವಳು ಅಂಜೂರದ ತೊಟ್ಟು ಮುರಿದಳು.
"ಮುಳುಗಿದ ಅಂದೆ.
ನೀರಲ್ಲಿ ಅಂದೆನಾ?"

ಬಹಳ ಹೊತ್ತು ಹಣ್ಣಿನ ಹಾಲು ಅವಳ ಬೆರಳಿಗೆ ಅಂಟಿಕೊಂಡಿತ್ತು.
ಆಮೇಲೆ ಅವಳೇ: "ಹಸು ಸಾಕುವವರ ಮಗಳು ಅಂದೆಯಲ್ಲ?"
ಹೌದು ಅತ್ತೆ.
"ಗಂಡಸರು ಚೀಸ್ ಮಾಡುವುದಿಲ್ಲ, ಹುಡುಗಿ,
ಮಾರುತ್ತಾರೆ."

ವಂಶದ ಹಾಳೆಯಲ್ಲಿ ಪೆರ್ಪೆತುವಾಳಿಗೆ ಜಾಗ ಹುಡುಕುತ್ತಿದ್ದೇನೆ.
ನಮ್ಮ ರಕ್ತವಲ್ಲ. ಅವಳ ಬದುಕು ಹೇಳಲು
ಈಚೆ ಕರೆಯಲ್ಲಿ ಒಬ್ಬರೂ ಇಲ್ಲ,
ಅವಳಿಗೆ ಗೊತ್ತಿತ್ತೋ, ಯಾವಾಗ ಗೊತ್ತಾಯಿತೋ,
ಮೊದಲ ವರ್ಷ ಗಾಲಿಯನ್ನು ಬಟ್ಟೆಯಲ್ಲಿ ಸುತ್ತುವಾಗ
ಏನು ಅಂದುಕೊಂಡಳೋ.
ಪುಸ್ತಕದಲ್ಲಿ ಅದಕ್ಕೆ ಅಂಕಣವಿಲ್ಲ.
ಆದರೆ ನನ್ನ ಅತ್ತೆಯ ಎಲುಬಿನಲ್ಲಿ ಅವಳ ಹಸುಗಳ ಹಾಲಿದೆ,
ತೊಂಬತ್ತೊಂದು ವರ್ಷಕ್ಕೂ ಕೋಲು ಹಿಡಿಯದ ಎಲುಬು.

ಕಿಟಕಿಯ ಹಲಗೆ ಇನ್ನೂ ಇದೆ. ಕಿತ್ತುಬಿಡಲೇ ಎಂದೆ.
"ಇರಲಿ ಬಿಡು. ಗಾಳಿ," ಎಂದಳು ಅತ್ತೆ.
ಬಾಗಿಲವರೆಗೂ ಬಂದು, ತೋಳು ಹಿಡಿದು ನಿಲ್ಲಿಸಿ,
"ಉಪ್ಪು ಮಾತ್ರ," ಎಂದಳು, "ಯಾವ ವರ್ಷವೂ ಹೆಚ್ಚಾಗಿರಲಿಲ್ಲ."