ಆರು ಗುಂಟೆ ಖರಾಬು

ಪಾಲು ಮಾಡುವ ದಿನ ಅಣ್ಣಂದಿರು ಉದಾರಿಗಳು:
ರಸ್ತೆಯಂಚಿನ ಆಲೂಗೆಡ್ಡೆ ಹೊಲ ತಮಗಿಟ್ಟುಕೊಂಡು
ಕೊಳವಿರುವ ತುಂಡನ್ನು ನನಗೆ ಬಿಟ್ಟರು.
ಪಹಣಿಯಲ್ಲಿ ಕೊಳಕ್ಕೆ ಹೆಸರಿಲ್ಲ,
‘ಆರು ಗುಂಟೆ ಖರಾಬು’ ಅಂತಷ್ಟೇ.

ಹಾಸನದ ಡೇರಿಯಲ್ಲಿ ಮೂವತ್ತೊಂದು ವರ್ಷ
ಹಾಲಿನ ಫ್ಯಾಟು, ಡಿಗ್ರಿ ಬರೆದ ಕೈ ನನ್ನದು.
ಖರಾಬಿಗೂ ಒಂದು ಪುಸ್ತಕ ತೆರೆದೆ.
ಎಡಗಡೆ ಯಂತ್ರ, ಬಲಗಡೆ ಬಾಡಿಗೆ.

ಜೆಸಿಬಿ: ಗಂಟೆಗೆ ಹನ್ನೆರಡು ನೂರು, ಮೂರು ಗಂಟೆಗೆ ಕಡಿಮೆ ಇಲ್ಲ,
ಹಳೇಬೀಡಿನಿಂದ ಬಂದು ಹೋಗುವ ಡೀಸೆಲ್ಲು ಬೇರೆ.
ಹಿಟಾಚಿ: ಕೈ ಉದ್ದ, ಬೆಲೆಯೂ ಉದ್ದ,
ದಡದಲ್ಲಿ ಕೂತೇ ನಡುಗೊಳಕ್ಕೆ ಕೈ ಹಾಕುತ್ತದಂತೆ.
ಕೆಸರಿನ ಪಂಪು, ಐದು ಎಚ್‌ಪಿ:
ಏನು ಕೊಟ್ಟರೂ ಎಳೆಯುತ್ತದೆ ಅಂದ ಅಂಗಡಿಯವನು.
ಅಂತರಗಂಗೆಯ ಬೇರು ಸಿಕ್ಕರೆ
ಉಬ್ಬಸದ ಮುದುಕನ ಹಾಗೆ ನಿಲ್ಲುತ್ತದೆಂದು
ಅವನಿಗೆ ಟೀ ತಂದ ಹುಡುಗ ಕಣ್ಣಲ್ಲೇ ಹೇಳಿದ.

ಕಾಂತರಾಜು ಬಂದ, ಜೆಸಿಬಿಯ ಯಜಮಾನ,
ಬೈಕಿನಿಂದ ಇಳಿಯದೆಯೇ ಕೊಳ ನೋಡಿದ.
“ಒಂದೇ ದಿನದ ಕೆಲಸ ಮೇಡಂ,
ಬಾಣಲೆ ತಿಕ್ಕಿದ ಹಾಗೆ ಮಾಡಿಕೊಡ್ತೀನಿ.”
ಬಾಣಲೆ ತಿಕ್ಕಿದವಳು ನಾನು.
ತಿಕ್ಕಿ ತಿಕ್ಕಿ ತಳ ತೂತಾದದ್ದೂ ಗೊತ್ತು.

ಕಾಣುವ ಮೆಟ್ಟಿಲು ಏಳು.
ಕೆಳಗೆಷ್ಟು?
ದೊಡ್ಡಣ್ಣ ಐದು ಅಂದ, ಚಿಕ್ಕಣ್ಣ ಇಲ್ಲವೇ ಇಲ್ಲ ಅಂದ.
ಇಬ್ಬರೂ ಈಜು ಬಾರದವರು.

ವೆಂಕಟಬೋವಿಯ ಮಗಳು ಯಲ್ಲಕ್ಕ ಬಂದದ್ದು ಸೋಮವಾರ,
ಕೈಯಲ್ಲಿ ಆರಡಿ ಸರಳು, ಯಾರದೋ ಮನೆಗೆ ತಾರಸಿ ಹಾಕಿ ಮಿಕ್ಕಿದ್ದು.
ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದು
ಚುಚ್ಚುತ್ತಾ ಹೋದಳು, ಇಡ್ಲಿ ಬೆಂದಿದೆಯೇ ನೋಡುವವಳಂತೆ.
ಪಚ್. ಪಚ್. ಪಚ್.
ಆಮೇಲೆ ಟಣ್.
“ಬರ್ಕಳಿ ಅಕ್ಕಾರೇ, ಎಂಟು.”
ಇನ್ನಷ್ಟು ಆಳದಲ್ಲಿ ಟಣ್. “ಒಂಬತ್ತು.”
ಹತ್ತು ತಪ್ಪಿಸಿಕೊಂಡಿತು. ಹನ್ನೊಂದು ಸಿಕ್ಕಿತು.
ನಡುವೆ ಸರಳು ಪಚ್ ಅನ್ನಲಿಲ್ಲ, ಟಣ್ ಅನ್ನಲಿಲ್ಲ,
ಹಸಿ ಬೆಲ್ಲದಚ್ಚಿಗೆ ಚುಚ್ಚಿದಂತೆ
ಮೆಲ್ಲಗೆ ಹಿಡಿದುಕೊಂಡಿತು.
“ಇದು ಜೇಡಿ. ತುಳಿದು ತುಳಿದು ಕೂರ್ಸಿರೋದು.
ನೀರು ನಿಂತಿರೋದೇ ಇದರ ಮೇಲೆ.
ಇದಕ್ಕೆ ಮಿಷಿನ್ನಿನ ಹಲ್ಲು ತಾಕಿದ್ರೆ
ಗೌರಿಹಬ್ಬಕ್ಕೆ ತುಂಬಿ ದೀಪಾವಳಿಗೆ ಖಾಲಿ.”

ರಾತ್ರಿ ಪುಸ್ತಕದಲ್ಲಿ ಜೆಸಿಬಿಯನ್ನು ಹೊಡೆದುಹಾಕಿದೆ.
ಹಿಟಾಚಿಯನ್ನೂ ಹೊಡೆದು, ಮತ್ತೆ ಬರೆದೆ:
ನನಗೆ ಅರವತ್ತೆರಡು, ಯಲ್ಲಕ್ಕನ ಮೊಣಕಾಲಿಗೂ ಅಷ್ಟೇ.
ಒಂದು ದಿನ, ಮೂಡಣ ದಡದಿಂದ ಮಾತ್ರ,
ಎರಡಡಿಗಿಂತ ಕೆಳಗಿಳಿಯುವಂತಿಲ್ಲ.
ಅದರ ತೋಳಿಗೆ ಕೆಂಪು ಬಟ್ಟೆ ಕಟ್ಟಿದೆವು,
ಬಟ್ಟೆ ನೆನೆದರೆ ನಿಲ್ಲಿಸಬೇಕು.
ಡ್ರೈವರು ಗೊಣಗಿದ: “ಮಗೂಗೆ ಎಣ್ಣೆ ನೀರು ಹಾಕ್ದಂಗಾಯ್ತು.”
ಬಟ್ಟೆ ಎರಡು ಸಲ ನೆನೆಯಿತು.

ಮಿಕ್ಕದ್ದಕ್ಕೆ ಎಂಟು ಬಾಣಲಿ, ಐದು ಗುದ್ದಲಿ,
ಮತ್ತೆ ನಯಾಜ಼ನ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕುಂಟೆ:
ಸವೆದ ಹಲುಬೆಯ ಹಲ್ಲು, ಜಿಐ ಪೈಪಿನ ಹಿಡಿ.
“ಮೊನೆ ಬೇಡ, ಹಲ್ಲು ಮೊಂಡು ಮಾಡಿಕೊಡು” ಅಂದೆ.
ಕಪ್ಪು ಕನ್ನಡಕ ಹಣೆಗೇರಿಸಿ ನಕ್ಕ,
“ಹರಿತ ಮಾಡು ಅಂತ ಬರೋರೇ ಎಲ್ಲಾ.
ಇದಕ್ಕೆ ಎಷ್ಟು ತಗೋಬೇಕು, ನನಗೇ ಗೊತ್ತಿಲ್ಲ.”

ಹನ್ನೊಂದನೇ ಮೆಟ್ಟಿಲು ಬಯಲಾದ ದಿನ
ಅದರ ಅಂಚಲ್ಲಿ ಒಂದು ಗಾಯ,
ಹೆಬ್ಬೆರಳು ಕೂರುವಷ್ಟು,
ಯಾವ ಕಾಲದ್ದೋ ಹಾರೆಯೇಟು, ನುಣುಪಾಗಿತ್ತು.
ಯಲ್ಲಕ್ಕ ಬೆರಳಿಟ್ಟು ನೋಡಿ
“ನಮ್ಮೋರೇ ಇರ್ಬೇಕು” ಅಂದಳು.
ನಾನು ಏನೂ ಅನ್ನಲಿಲ್ಲ.
ನಮ್ಮವರೂ ಇದ್ದರೇನೋ,
ದಡದ ಮೇಲೆ, ಕೊಡೆಯ ಕೆಳಗೆ,
ಕೂಲಿ ಎಣಿಸುತ್ತಾ
ಬೇಗ ಬೇಗ ಅನ್ನುತ್ತಾ.

ಪುಸ್ತಕ ದಡದಲ್ಲಿಟ್ಟು ಇಳಿದೆ.
ಹತ್ತನೆಯದರ ಮುಂದೆ
ಇನ್ನೂ ಏನೂ ಬರೆದಿಲ್ಲ.