ಟಿಕೆಟ್ಟಿನ ಹಿಂಬದಿ

ಕಿಟ್ವೆಯ ಶಾಲೆಯಲ್ಲಿ ಮಿಸೆಸ್ ಮುಲೆಂಗಾ
ರಜೆಯಲ್ಲಿ ಏನು ಕಲಿತಿರಿ, ಒಂದು ಪುಟ, ಎಂದರು.
ಲಾಲ್‌ಬಾಗಿನ ಗಾಜಿನ ಮನೆ, ವಿಧಾನಸೌಧದ ಮೆಟ್ಟಿಲು
ಎಂದೆಲ್ಲ ಬರೆದೆ. ಹತ್ತಕ್ಕೆ ಎಂಟು ಬಂತು.
ಎರಡನ್ನೂ ನಾನು ನೋಡಿರಲಿಲ್ಲ.

ನೋಡಿದ್ದು ಬಸ್ಸು.
ಬೆಂಗಳೂರಿನ ಏಪ್ರಿಲ್ಲು, ಅರ್ಧ ಮೇ, ವಾರಕ್ಕೆ ಆರು ದಿನ.
ಚಿಕ್ಕಮ್ಮ ಕಂಡಕ್ಟರು. ನನ್ನನ್ನು ಬಿಟ್ಟುಹೋಗಲು
ಹಗಲು ಮನೆಯಲ್ಲಿ ಯಾರೂ ಇರಲಿಲ್ಲ.
ಬಾಗಿಲ ಪಕ್ಕದ ಸೀಟಿನಲ್ಲಿ ಕೂರಿಸಿ,
ಸ್ವಂತ ದುಡ್ಡು ಹಾಕಿ ಅರ್ಧ ಟಿಕೆಟ್ಟು ಹರಿದು,
"ಚೆಕಿಂಗ್‌ನೋರು ಹತ್ತಿದ್ರೆ ನೀನು ಯಾರೋ ನಾನು ಯಾರೋ" ಎಂದಳು.
ಕಮಲಾನಗರದಿಂದ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಕಮಲಾನಗರ,
ದಿನಕ್ಕೆ ಎಂಟು ಸಲ ಅದೇ ಟೌನ್‌ಹಾಲಿನ ಕಂಬಗಳು.
ನಾಣ್ಯದ ವಾಸನೆ ಎಂದರೆ ನನಗೆ ಇವತ್ತಿಗೂ ಅವಳ ಅಂಗೈ;
ಡಬ್ಬಿಯ ಚಿತ್ರಾನ್ನಕ್ಕೂ ಅದು ಹತ್ತಿಕೊಂಡಿರುತ್ತಿತ್ತು.

ಕಿಟ್ವೆಯ ನಮ್ಮ ಮನೆಯಲ್ಲಿ ಕನ್ನಡ ಇದ್ದದ್ದು
ಊಟಕ್ಕೆ ಮತ್ತು ಬೈಗುಳಕ್ಕೆ.
ಅಪ್ಪ ಅಮ್ಮನಿಗೆ, ಅಮ್ಮ ನನಗೆ, ನಾನು ನಾಯಿಗೆ
ನೀನು ಅನ್ನುತ್ತಿದ್ದೆವು.
ಅಮ್ಮ ಅಪ್ಪನನ್ನು ಕರೆಯುತ್ತಲೇ ಇರಲಿಲ್ಲ.
ಹಾಗಾಗಿ ನವರಂಗಿನಲ್ಲಿ ಹತ್ತಿದ, ಕೊಡೆ ಹಿಡಿದ ಹಿರಿಯರಿಗೆ
"ನೀನು ಇಲ್ಲಿ ಕೂತ್ಕೋ" ಎಂದು ಎದ್ದುನಿಂತೆ.
ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.
"ಪರದೇಶದ ಕೂಸು ಸ್ವಾಮಿ. ಬಹುವಚನ ಇನ್ನೂ ಬಂದಿಳಿದಿಲ್ಲ,
ಹಡಗಲ್ಲಿದೆ" ಎಂದಳು ಚಿಕ್ಕಮ್ಮ.
ಅವರು ನಕ್ಕು ಕೂತರು. ಕೊಡೆ ಹಿಡಿದುಕೊಳ್ಳಲು ನನಗೇ ಕೊಟ್ಟರು.

ಅವತ್ತು ರಾತ್ರಿ ಮೂರಕ್ಕೆ ನಲ್ಲಿ ಕೆಮ್ಮಿತು.
ಬಿಂದಿಗೆಯ ಹಿಂದೆ ಬಿಂದಿಗೆ ಇಡುತ್ತ ಪಾಠ ಹೇಳಿದಳು:
ಡ್ರೈವರಿಗೆ ನೀವು. ಹೂವಿನವಳಿಗೆ ನೀವು.
ಕುಡಿದು ಹತ್ತಿದವನಿಗೂ ಮೊದಲು ನೀವು,
ಆಮೇಲೆ ನೋಡೋಣ.

ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ
ಬೆಳಿಗ್ಗೆ ಎದ್ದು, "ಚಿಕ್ಕಮ್ಮ, ನೀವು ಕಾಫಿ ಕುಡಿದ್ರಾ?" ಎಂದೆ.
ಬಾಯಿಗೆ ಹೋಗುತ್ತಿದ್ದ ಲೋಟ ಅರ್ಧದಲ್ಲಿ ನಿಂತಿತು.
"ನಾನೇನೇ ನಿನಗೆ, ಪ್ಯಾಸೆಂಜರಾ?"
ಮೆಜೆಸ್ಟಿಕ್ ಬರುವವರೆಗೂ
ಅವಳು ಮಾತಾಡಿದ್ದು ಬಸ್ಸಿನ ಜೊತೆ ಮಾತ್ರ: ರೈಟ್, ರೈಟ್.

ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬರೆದು ಕೊಡುವಳು:
ಮೂರು, ಏಳು, ಹದಿನಾಲ್ಕು; ಸುತ್ತ ಒಂದು ಗೆರೆ ಸುತ್ತಿ.
ಇಳಿಯುವಾಗ ತೋರಿಸಿ ಇಸಕೊಳ್ಳಬೇಕು.
ಎಷ್ಟೋ ಜನ ಮರೆತು ಇಳಿದುಬಿಡುವರು.
ಒಬ್ಬ ಕಾಲೇಜು ಹುಡುಗನ ಏಳು ರೂಪಾಯಿ
ನಾಲ್ಕು ದಿನ ಅವಳ ಕರ್ಚೀಫಿನ ಗಂಟಿನಲ್ಲಿತ್ತು.
ಐದನೇ ದಿನ ಅವನು ಹತ್ತಿದ. "ತಗೊಳ್ಳಿ, ನಿಮ್ಮದು."
ಅವನಿಗೆ ನೆನಪೇ ಇರಲಿಲ್ಲ.
ಯಾಕೆ ಚಿಕ್ಕಮ್ಮ ಎಂದೆ. ಧರ್ಮ ಗಿರ್ಮ ಅಂತಾಳೆ ಅಂದುಕೊಂಡಿದ್ದೆ.
"ಲೆಕ್ಕ ತಾಳೆ ಆಗಲ್ಲ, ಅಷ್ಟೇ."

ಹೊರಡುವ ದಿನ ಹಳೆ ಏರ್‌ಪೋರ್ಟಿಗೆ
ಎರಡು ಟ್ರಿಪ್ಪಿನ ನಡುವೆ, ಖಾಕಿಯಲ್ಲೇ ಓಡಿಬಂದಳು.
ಕೈಗೊಂದು ಟಿಕೆಟ್ಟು ತುರುಕಿದಳು.
ಹಿಂದೆ ಗೆರೆ ಸುತ್ತಿದ್ದಳು, ಒಳಗೆ ಅಂಕಿ ಇರಲಿಲ್ಲ.
ಅದು ಸೊನ್ನೆಯೋ,
ಬರೆಯಲು ಬಿಟ್ಟ ಜಾಗವೋ,
ವಿಮಾನದಲ್ಲಿ ಮಾತ್ರವಲ್ಲ, ಆಮೇಲೂ ತಿಳಿಯಲಿಲ್ಲ.

ಹೋದ ವಾರ, ಹತ್ತೊಂಬತ್ತು ವರ್ಷ ಕಳೆದು,
ಕಮಲಾನಗರದ ಎರಡನೇ ಮಹಡಿ ಹತ್ತಿದೆ.
ಈಗ ಟಿಕೆಟ್ಟು ಮಿಶೀನು ಉಗುಳುತ್ತದೆ, ಬೇಗ ಮಾಸುತ್ತದೆ.
ಬಾಗಿಲು ತೆಗೆದಳು. ಪೊರೆ ತೆಗೆಸಿದ ಕಣ್ಣಿಗೆ ಕಪ್ಪು ಕನ್ನಡಕ.
ನೀನು ಹೇಗಿದ್ದೀಯ, ನೀವು ಹೇಗಿದ್ದೀರ:
ಎರಡೂ ಒಟ್ಟಿಗೆ ಫುಟ್‌ಬೋರ್ಡು ಹತ್ತಲು ಬಂದು
ನನ್ನ ಬಾಯಿ ಬಾಗಿಲಲ್ಲೇ ಸಿಕ್ಕಿಕೊಂಡವು.

ಅವಳು ಕಾಯಲಿಲ್ಲ.
"ಅಲ್ಲೇ ಯಾಕೆ ನಿಂತಿದ್ದೀಯ? ಹಿಂದೆಲ್ಲ ಖಾಲಿ ಇದೆ,
ಒಳಗೆ ನಡಿ."